ಹೇಳದೆ ಕಳೆದ ಎರಡು ದಿನ

ಏಪ್ರಿಲ್ 3, 2022, ಭಾನುವಾರ
ನಾಗಮಂಗಲದ ಹತ್ತಿರ, ನಮ್ಮೂರು

ಇವತ್ತು ಹೊಸತೊಡಕು, ಯುಗಾದಿಯ ಮಾರನೇ ದಿನದ ಬಾಡೂಟದ ಹಬ್ಬ. ಬೆಳಗಿನ ಜಾವಕ್ಕೇ ಊರಲ್ಲಿ ಕುರಿ ಕೊಯ್ದು, ಬಾಡನ್ನು ಪಾಲು ಮಾಡಿ ಗುಡ್ಡೆ ಹಾಕಿದ್ದಾರೆ. ಬೀದಿ ತುಂಬ ಮಸಾಲೆ ಹುರಿದ ವಾಸನೆ. ನಮ್ಮ ಮನೆಗೆ ಮಾತ್ರ ಈ ಸಲ ಹಬ್ಬವಿಲ್ಲ. ಚಿಕ್ಕಪ್ಪ ಕೊರೊನಾದಲ್ಲಿ ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ. ನಿನ್ನೆ ಪಕ್ಕದ ಮನೆಯವರು ಒಬ್ಬಟ್ಟು ಕೊಟ್ಟು ಹೋದರು. ಮಕ್ಕಳು ಅದನ್ನೇ ತಿಂದವು. ಇವತ್ತು ಅವ್ವ ಮುದ್ದೆ, ಸೊಪ್ಪಿನ ಸಾರು ಮಾಡಿದ್ದಳು.

ಮಧ್ಯಾಹ್ನ ಊಟ ಆದ ಮೇಲೆ ಚಿಕ್ಕಮ್ಮನ ಹತ್ತಿರ ಒಂದು ಮಾತು ಹೇಳಿದೆ. ಒಂದು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು. ಅದನ್ನು ಇಲ್ಲೂ ಬರೆಯುತ್ತೇನೆ. ಆದರೆ ಮೊದಲಿನಿಂದ ಹೇಳಬೇಕು.

2020ರ ಯುಗಾದಿ ನೆನಪಿದೆಯಲ್ವಾ? ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು 21 ದಿನ ಲಾಕ್‌ಡೌನ್ ಅಂದರು. ಮಾರನೇ ದಿನವೇ ಹಬ್ಬ. ನಾವು ಬೆಂಗಳೂರಿನಲ್ಲೇ ಉಳಿದೆವು. ಆ ವಾರವೇ ನಮ್ಮೂರ ದಾರಿಗೆ ಜಾಲಿಮುಳ್ಳು ಹಾಕಿದರು. ‘ಹೊರಗಿನವರಿಗೆ ಪ್ರವೇಶವಿಲ್ಲ’ ಅಂತ ಬೋರ್ಡ್ ಬೇರೆ. ಆ ಬೇಲಿ ಕಾಯೋಕೆ ಕೋಲು ಹಿಡಿದು ನಿಂತವರಲ್ಲಿ ನಮ್ಮ ಚಿಕ್ಕಪ್ಪನೂ ಒಬ್ಬರು. ಆದರೂ ಬೆಂಗಳೂರಿನಿಂದ ಬರುವವರು ಬಂದೇ ಬಂದರು, ರಾತ್ರಿ ಹೊತ್ತು ಗದ್ದೆ ಬದುವಿನ ಮೇಲೆ ನಡೆದುಕೊಂಡು. ಬಂದಿದ್ದೇವೆ ಅಂತ ಯಾರಿಗೂ ಹೇಳಲಿಲ್ಲ. ಜ್ವರ ಇದ್ದರೂ ಹೇಳುತ್ತಿರಲಿಲ್ಲ.

ಆಮೇಲೆ ದೆಹಲಿಯ ನಿಜಾಮುದ್ದೀನ್ ಮರ್ಕಜ್ ಸುದ್ದಿ ಬಂತು, ತಬ್ಲೀಗಿ ಜಮಾತ್ ಅನ್ನೋ ಮುಸ್ಲಿಂ ಸಂಘಟನೆಯ ಕೇಂದ್ರದಲ್ಲಿ ಸೇರಿದ್ದವರಿಗೆ ಕೊರೊನಾ ಬಂದಿದೆ ಅಂತ. ದಿನವಿಡೀ ಟಿವಿಯಲ್ಲಿ ಅದೇ. ಇಪ್ಪತ್ತು ವರ್ಷದಿಂದ ಮೊಪೆಡ್ ಮೇಲೆ ಹಣ್ಣು ತರುತ್ತಿದ್ದ ಸಾಬರನ್ನು ನಮ್ಮೂರವರು ಬೇಲಿ ಹತ್ತಿರವೇ ವಾಪಸ್ ಕಳಿಸಿದರು. ಅವರು ದೆಹಲಿ ಮುಖ ನೋಡಿದವರಲ್ಲ. ಆ ವರ್ಷ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ತಬ್ಲೀಗ್‌ನ ವಿದೇಶಿಯರ ಮೇಲಿದ್ದ ಕೇಸುಗಳನ್ನು ರದ್ದು ಮಾಡಿ, ಅವರನ್ನು ಬಲಿಪಶು ಮಾಡಿದಂತೆ ಕಾಣುತ್ತದೆ ಅಂತ ಹೇಳಿತು. ಪೇಪರಿನಲ್ಲಿ ಓದಿ ಫೋನಿನಲ್ಲಿ ಚಿಕ್ಕಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಟಿವಿಲಿ ಹೇಳಿದ್ದನ್ನ ನಂಬ್ಬುಟ್ವಿ ಕಣವ್ವ” ಅಂದರು. ಸಾಬರು ಮಾತ್ರ ಮತ್ತೆ ನಮ್ಮೂರಿಗೆ ಬರಲಿಲ್ಲ. ಈ ಸಲದ ಹೊಸತೊಡಕಿಗೆ ಟಿವಿಯಲ್ಲಿ ಕುರಿ ಕೊಯ್ಯುವ ರೀತಿಯ ಮೇಲೆ ಹಲಾಲ್, ಜಟ್ಕಾ ಅಂತ ಜಗಳ ನಡೆಯುತ್ತಿದೆ. ಮತ್ತೆ ಅದೇ ಜನರ ಕಡೆಗೇ ಬೆರಳು. ಬೆಳಿಗ್ಗೆ ನೋಡಿ ಟಿವಿ ಆಫ್ ಮಾಡಿದೆ.

ಈಗ 2021ಕ್ಕೆ ಬರುತ್ತೇನೆ. ಯುಗಾದಿ ಏಪ್ರಿಲ್ 13, ಮಂಗಳವಾರ. ಮಾರನೇ ದಿನ ಅಂಬೇಡ್ಕರ್ ಜಯಂತಿ, ರಜೆ. ಅವತ್ತೇ ಹೊಸತೊಡಕು. ಎರಡನೇ ಅಲೆ ಏರುತ್ತಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಬೆಂಗಳೂರಿನಲ್ಲಿ 10ನೇ ತಾರೀಖಿನಿಂದ ರಾತ್ರಿ ಕರ್ಫ್ಯೂ ಇತ್ತು. ಆದರೆ ಹಿಂದಿನ ವರ್ಷ ಹಬ್ಬ ಕಳೆದುಕೊಂಡಿದ್ದೆವು. ಈ ಸಲ ಎಲ್ಲರೂ ಸೇರಲೇಬೇಕು ಅಂತ ಫೋನಿನ ಮೇಲೆ ಫೋನು.

ಭಾನುವಾರ 11ನೇ ತಾರೀಖು ನನಗೆ ಗಂಟಲು ಕೆರೆತ ಶುರುವಾಯಿತು. ಮೈ ಸ್ವಲ್ಪ ನೋವು. ಧೂಳಿಗಿರಬೇಕು ಅಂದುಕೊಂಡೆ. ನಿಜ ಹೇಳಬೇಕು ಅಂದರೆ, ಹಾಗೆ ಅಂದುಕೊಳ್ಳೋದು ನನಗೆ ಬೇಕಿತ್ತು. ಒಂದು ಡೋಲೋ ನುಂಗಿದೆ. ಸಾರಿಗೆ ನೌಕರರ ಮುಷ್ಕರ 7ನೇ ತಾರೀಖಿನಿಂದ ನಡೆಯುತ್ತಿತ್ತು, ಸರ್ಕಾರಿ ಬಸ್ಸಿಲ್ಲ. ಸೋಮವಾರ ಸಂಜೆ ಇನ್ನೊಂದು ಸಂಸಾರದ ಜೊತೆ ಒಂದೇ ಕಾರಿನಲ್ಲಿ ಏಳು ಜನ ಕೂತು ಬಂದೆವು.

ಊರಲ್ಲಿ ನಾವು ಹದಿನಾಲ್ಕು ಜನ ಸೇರಿದ್ದೆವು. ಒಳಗೆ ಬರುವಾಗ ಎಲ್ಲರೂ ಮಾಸ್ಕ್ ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ಹಾಕಿದರು. ಎಲ್ಲ ಒಂದೇ ಮೊಳೆಗೆ, ಒಂದರ ಮೇಲೊಂದು. ಎರಡು ದಿನ ಅವು ಅಲ್ಲೇ ತೂಗಿದವು. ಚಿಕ್ಕಪ್ಪ ಒಂದೇ ತಟ್ಟೆಯಿಂದ ಬೇವು-ಬೆಲ್ಲ ತೆಗೆದು ತಮ್ಮ ಕೈಯಾರೆ ಎಲ್ಲರ ಬಾಯಿಗೂ ಇಟ್ಟರು. ಚಿಕ್ಕವಳಿದ್ದಾಗಿನಿಂದ ಹಾಗೇ. ಬುಧವಾರ ರಾತ್ರಿ ಬಾಡೂಟ ಆದ ಮೇಲೆ ನಡುಮನೆಯಲ್ಲಿ ಇಸ್ಪೀಟು. ಸೊಳ್ಳೆ ಜಾಸ್ತಿ ಅಂತ ಕಿಟಕಿ ಹಾಕಿದ್ದೆವು. ರಾತ್ರಿ 1 ಗಂಟೆವರೆಗೂ ಕೂಗಾಟ, ನಗು. ಈ ರೋಗ ಮಾತಿನಲ್ಲಿ, ನಗುವಿನಲ್ಲಿ, ಒಳಗೇ ಸುತ್ತುವ ಗಾಳಿಯಲ್ಲಿ ಹರಡುತ್ತದೆ ಅಂತ ಅಷ್ಟು ಹೊತ್ತಿಗೆ ಒಂದು ವರ್ಷದಿಂದ ಓದಿದ್ದೆ. ನನ್ನ ಗಂಟಲು ಇನ್ನೂ ಕೆರೆಯುತ್ತಿತ್ತು.

45 ದಾಟಿದವರಿಗೆ ಏಪ್ರಿಲ್ 1ರಿಂದಲೇ ಲಸಿಕೆ ಕೊಡುತ್ತಿದ್ದರು. ಚಿಕ್ಕಪ್ಪನಿಗೆ 58. “ಹಬ್ಬ ಮುಗೀಲಿ, ಆಮೇಲೆ ಹಾಕಿಸ್ಕೊತೀನಿ. ಜ್ವರ ಬಂದು ಮಲಗಿದ್ರೆ ಕುರಿ ಪಾಲು ಯಾರು ಮಾಡ್ತಾರೆ?” ಅಂದಿದ್ದರು.

ಗುರುವಾರ ವಾಪಸ್ ಹೋದೆವು. ಶುಕ್ರವಾರ ಬೆಳಿಗ್ಗೆ ಒಗ್ಗರಣೆಗೆ ಇಂಗು ಹಾಕಿದೆ. ವಾಸನೆಯೇ ಇಲ್ಲ. ಡಬ್ಬಿಯನ್ನು ಮೂಗಿಗೆ ಹಿಡಿದೆ, ಏನೂ ಇಲ್ಲ. ಶನಿವಾರ ಟೆಸ್ಟ್ ಮಾಡಿಸಿದೆ. ಸೋಮವಾರ 19ನೇ ತಾರೀಖು ಸಂಜೆ ಮೆಸೇಜ್ ಬಂತು, ಪಾಸಿಟಿವ್.

ಆ ಸಂಜೆಯೇ ಹದಿಮೂರು ಜನರಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ.

ಯಾಕೆ ಅಂತಲೂ ಹೇಳುತ್ತೇನೆ. ಆ ವಾರ ವಾಟ್ಸಾಪ್‌ನಲ್ಲಿ ಒಂದು ಫೋಟೋ ಓಡಾಡುತ್ತಿತ್ತು. ಪಕ್ಕದ ಊರಿನ ಒಂದು ಸಂಸಾರದ್ದು, ಹೆಸರು ಸಮೇತ. ‘ಇವರಿಂದ ಊರಿಗೆ ಕೊರೊನಾ ಬಂತು’ ಅಂತ ಕೆಳಗೆ ಬರೆದಿತ್ತು. ನಮ್ಮಪ್ಪ ದಿನಾ ಎರಡು ಹೊತ್ತು ಡೇರಿಗೆ ಹಾಲು ಹಾಕುತ್ತಾರೆ. ಹಿಂದಿನ ವರ್ಷ ಕ್ವಾರಂಟೈನಿನಲ್ಲಿದ್ದ ಒಂದು ಮನೆಯ ಹಾಲನ್ನು ಬೇಡ ಅಂದಿದ್ದರು, ವಾರಗಟ್ಟಲೆ. ಆ ಮನೆಯವರು ಹಾಲನ್ನು ತೆಂಗಿನ ಬುಡಕ್ಕೆ ಸುರಿದಿದ್ದನ್ನು ಅವ್ವ ಫೋನಿನಲ್ಲಿ ಹೇಳಿದ್ದಳು. ಬೆಂಗಳೂರಿನಲ್ಲೂ ಅಷ್ಟೇ. 2020ರ ಜುಲೈನಲ್ಲಿ ಸೋಂಕಿತರಿದ್ದ ಕಡೆ ಎರಡು ಫ್ಲಾಟಿನ ಬಾಗಿಲಿಗೇ ತಗಡಿನ ಶೀಟು ಹೊಡೆದಿದ್ದರು. ಆಮೇಲೆ ಪಾಲಿಕೆ ಕಮಿಷನರ್ ಕ್ಷಮೆ ಕೇಳಿ ತೆಗೆಸಿದರು. ಆದರೆ ಆ ಬಾಗಿಲಿನ ಚಿತ್ರ ತಲೆಯಿಂದ ಹೋಗಲಿಲ್ಲ. ಇವೆಲ್ಲ ಕಣ್ಣ ಮುಂದೆ ಬಂದು ಫೋನ್ ಕೆಳಗಿಟ್ಟೆ. ಊರಲ್ಲಿ ಯಾರಿಗೂ ಏನೂ ಆಗದೆ ಇರಬಹುದು, ಸುಮ್ನೆ ಯಾಕೆ ಹೇಳಿ ಗಾಬರಿ ಮಾಡೋದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬುಧವಾರ ಅವ್ವನೇ ಫೋನ್ ಮಾಡಿದಳು. ಚಿಕ್ಕಪ್ಪನಿಗೆ ಭಾನುವಾರದಿಂದ ಜ್ವರ. ಬಾಡು ತಿಂದು ಬಿಸಿಲಲ್ಲಿ ಓಡಾಡಿ ಉಷ್ಣ ಆಗಿದೆ ಅಂತ ಎಳನೀರು ಕುಡಿಯುತ್ತಾ ಕೂತಿದ್ದಾರೆ ಅಂದಳು. ಆಗ ಹೇಳಿದೆ, ನನಗೆ ಪಾಸಿಟಿವ್ ಅಂತ. ಆ ಕಡೆ ಅವ್ವನ ಉಸಿರು ಕೇಳುತ್ತಿತ್ತು, ಮಾತಿಲ್ಲ.

ಹೇಳಿದ ಮೇಲೂ ಚಿಕ್ಕಪ್ಪ ಮೂರು ದಿನ ಟೆಸ್ಟಿಗೆ ಹೋಗಲಿಲ್ಲ. ಬೇಲಿ ಕಾದವರು ಅವರು. ಊರು ತಮ್ಮ ಮನೆಯನ್ನು ಹೇಗೆ ನೋಡುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? 24ಕ್ಕೆ ಟೆಸ್ಟ್, 27ಕ್ಕೆ ರಿಸಲ್ಟ್. ಅವತ್ತು ರಾತ್ರಿಯಿಂದ ರಾಜ್ಯದಲ್ಲೆಲ್ಲ ಕರ್ಫ್ಯೂ. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ರಕ್ತದ ಆಕ್ಸಿಜನ್ 88ಕ್ಕೆ ಇಳಿದಿತ್ತು. ಮೂರು ಕಡೆ ಬೆಡ್ ಇಲ್ಲ ಅಂದರು, ನಾಲ್ಕನೇ ಕಡೆ ಸಿಕ್ಕಿತು. ಮೇ 5ರಂದು ರಾಜ್ಯದಲ್ಲಿ ಒಂದೇ ದಿನದ ಕೇಸು 50 ಸಾವಿರ ದಾಟಿತು. ಮಾರನೇ ದಿನ ಬೆಳಗಿನ ಜಾವ ಚಿಕ್ಕಪ್ಪ ಹೋದರು. ನಮ್ಮ ಹೊಲದಲ್ಲೇ ಮಣ್ಣು ಮಾಡಿದರು. ನಾನು ನೋಡಿದ್ದು ಫೋನಿನಲ್ಲಿ. ನಮ್ಮ ಅತ್ತೆಗೂ, ಅಂದರೆ ಅಪ್ಪನ ತಂಗಿಗೂ, ಬಂದಿತ್ತು. ಅವರು ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದು ಉಳಿದು ಬಂದರು.

ಅರಳಿಕಟ್ಟೆಯಲ್ಲಿ ‘ಬೆಂಗಳೂರಿನವರು ತಂದರು’ ಅಂದರಂತೆ. ನನಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗುಡ್ಡೆ ಬಾಡು ತಗೊಳ್ಳೋಕೆ ಸಾಲು ನಿಂತವರು ನೂರು ಜನ. ಯಾರಿಂದ ಬಂತು ಅಂತ ಯಾರು ಹೇಳಬಲ್ಲರು? ಅದೇ ವಾರ ಹರಿದ್ವಾರದಲ್ಲಿ ಕುಂಭಮೇಳದ ಶಾಹಿ ಸ್ನಾನ. ಏಪ್ರಿಲ್ 17ಕ್ಕೆ ಬೆಳಗಾವಿ, ಬಸವಕಲ್ಯಾಣ, ಮಸ್ಕಿಯಲ್ಲಿ ಉಪಚುನಾವಣೆ. ಅದರ ಹಿಂದಿನ ದಿನಗಳಲ್ಲಿ ದೊಡ್ಡ ದೊಡ್ಡ ಸಭೆಗಳು. ಪ್ರಚಾರ ಮಾಡಿ ಬಂದ ಮುಖ್ಯಮಂತ್ರಿ ಯಡಿಯೂರಪ್ಪನವರಿಗೇ 16ರಂದು ಎರಡನೇ ಸಲ ಪಾಸಿಟಿವ್ ಬಂತು. ಸಾವಿರಾರು ಜನರನ್ನು ಸೇರಿಸಿದವರು ಜನರಿಗೆ ಜವಾಬ್ದಾರಿ ಇಲ್ಲ ಅಂತ ಬೈದರೆ ಯಾರು ಕೇಳುತ್ತಾರೆ? ಬೆಡ್ಡು, ಆಕ್ಸಿಜನ್ ಮೊದಲೇ ಸಜ್ಜು ಮಾಡಿಡಬೇಕಾದವರು ಅವರು. ಆ ತಪ್ಪು ನಮ್ಮ ಹಬ್ಬದ ತಪ್ಪಿಗಿಂತ ಎಷ್ಟೋ ದೊಡ್ಡದು. ಈಗಲೂ ಹಾಗೇ ಅನ್ನುತ್ತೇನೆ.

ಆದರೆ ಇದನ್ನೇ ಒಂದು ವರ್ಷ ಜಪ ಮಾಡಿಕೊಂಡು ಬಂದೆ. ಯಾರಾದರೂ ಯುಗಾದಿ ಅಂದರೆ ಸಾಕು, ಕುಂಭಮೇಳ ಅನ್ನುತ್ತಿದ್ದೆ, ಚುನಾವಣೆ ಅನ್ನುತ್ತಿದ್ದೆ. ಹೇಳಿದ್ದೆಲ್ಲ ಸರಿಯೇ. ಅದರಿಂದ ನನ್ನ ಗಂಟಲು ಕೆರೆತ ಸುಳ್ಳಾಗಲಿಲ್ಲ. ಆ ಹದಿನಾಲ್ಕು ಜನರಲ್ಲಿ ಬರುವ ಮೊದಲೇ ಮೈ ಹುಷಾರಿಲ್ಲ ಅಂತ ಗೊತ್ತಿದ್ದವಳು ನಾನು. ಅದನ್ನು ಯಾವ ಮಂತ್ರಿಯೂ ನನ್ನ ಪರವಾಗಿ ಹೇಳೋಕೆ ಆಗುತ್ತಿರಲಿಲ್ಲ. ನಾನೇ ತಂದೆ ಅಂತ ಗೊತ್ತಿಲ್ಲ, ನಾನಲ್ಲ ಅಂತಲೂ ಗೊತ್ತಿಲ್ಲ. ಪಾಸಿಟಿವ್ ಅಂತ ಗೊತ್ತಾದ ಸೋಮವಾರದಿಂದ ಬುಧವಾರದವರೆಗೆ ಹೇಳದೆ ಕಳೆದ ಆ ಎರಡು ದಿನ ಮಾತ್ರ ನನ್ನವೇ. ಅದರಲ್ಲಿ ಅನುಮಾನವಿಲ್ಲ.

ಊರವರ ಬಾಯಿಗೆ ಹೆದರಿ ಬಾಯಿ ಮುಚ್ಚಿಕೊಂಡೆ, ಅದು ನಿಜ. ಬೈದವರಿಗೂ ಇದನ್ನು ಹೇಳಬೇಕು ಅನಿಸುತ್ತದೆ. ನೀವು ಹಾಲು ಬೇಡ ಅಂದ ದಿನ, ಫೋಟೋ ಹಂಚಿದ ದಿನ, ಹತ್ತು ಮನೆಯವರು ಜ್ವರ ಮುಚ್ಚಿಡೋದನ್ನು ಕಲಿತರು. ನಮ್ಮ ಚಿಕ್ಕಪ್ಪನೂ ಅದರಲ್ಲೊಬ್ಬರು. ಆದರೆ ನನ್ನ ಭಯ ಡೇರಿಯ ಲೋಟಕ್ಕಿಂತ ದೊಡ್ಡದಾಗಿರಲಿಲ್ಲ. ಅವರಿಗೆ ಹೋದದ್ದು ಜೀವ.

ಇವತ್ತು ಚಿಕ್ಕಮ್ಮ ಜಗಲಿ ಮೇಲೆ ಅವರೆಕಾಳು ಆರಿಸುತ್ತಾ ಕೂತಿದ್ದಳು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಭಾನುವಾರದ ಗಂಟಲು, ಡೋಲೋ, 19ನೇ ತಾರೀಖಿನ ಮೆಸೇಜು. ಅವಳು ಕಾಳಿನಿಂದ ಕಣ್ಣೆತ್ತಲಿಲ್ಲ.

“ನಂಗೊತ್ತಿತ್ತು ಕಣವ್ವ, ಗಂಟ್ಲು ನೋವಿತ್ತು ಅಂತ,” ಅಂದಳು. “ಹಬ್ಬದ ದಿನ ಬೆಳಿಗ್ಗೆ ಮೆಣಸಿನ ಕಷಾಯ ಕೇಳ್ದಲ್ಲ. ಕಾಯಿಸಿಕೊಟ್ಟೋಳು ನಾನೇ ಅಲ್ವಾ?”

ನನಗೆ ಮರೆತೇಹೋಗಿತ್ತು. ಹಿತ್ತಾಳೆ ಲೋಟ, ಕರಿಮೆಣಸು, ಬೆಲ್ಲ. ನಿಂತುಕೊಂಡೇ ಕುಡಿದಿದ್ದೆ.

“ಕೇಳಣ ಅನ್ಕೊಂಡೆ. ಹಬ್ಬದ ದಿನ ಮನೆಮಗಳನ್ನ ಹೆಂಗೆ ಕೇಳದು?” ಸ್ವಲ್ಪ ಹೊತ್ತು ಕಾಳು ಆರಿಸಿದಳು. “ಬಂದಿದ್ದಕ್ಕೆ ನಂಗೆ ಏನೂ ಇಲ್ಲ ಕಣವ್ವ. ಕರೆದೋರೆ ನಾವು. ಸೋಮವಾರನೇ ಒಂದು ಫೋನ್ ಮಾಡಿದ್ರೆ…” ಅಂದವಳು ಮುಂದೆ ಹೇಳಲಿಲ್ಲ.

ನನಗೆ ಉತ್ತರ ಇರಲಿಲ್ಲ. ತಪ್ಪಾಯ್ತು ಚಿಕ್ಕಮ್ಮ ಅಂದೆ. ಅವಳು ಹ್ಞೂಂ ಅಂದಳು, ಪರವಾಗಿಲ್ಲ ಅನ್ನಲಿಲ್ಲ. ಮೊರ ಬದಿಗಿಟ್ಟು ಎಮ್ಮೆಗೆ ಹುಲ್ಲು ಹಾಕೋಕೆ ಎದ್ದಳು. ನಾನೂ ಹಿಂದೆ ಹೋಗಿ ಕಲಗಚ್ಚಿನ ಬಕೆಟ್ ಹಿಡಿದೆ.

ಅತ್ತೆಗೆ ಇನ್ನೂ ಹೇಳಿಲ್ಲ. ನಾಳೆ ವಾಪಸ್ ಹೋಗುವ ದಾರಿಯಲ್ಲೇ ಅವರ ಊರು. ಅಲ್ಲಿ ಇಳಿದು ಹೇಳಿ, ಮುಂದಿನ ಬಸ್ಸಿಗೆ ಹೋಗುತ್ತೇನೆ.