ಎತ್ತರದಿಂದ ಸುರಿಯುವ ಒಂದು ಪದ

ಬೆಳಗ್ಗೆಯಿಂದ ಒಂದೇ ಪದ ತಲೆಯಲ್ಲಿ ಸುತ್ತುತ್ತಿದೆ. ಎಸ್ಕಾಂಥಿಯಾರ್. ಅಸ್ತೂರಿಯನ್, ಸ್ಪ್ಯಾನಿಷ್ ಎರಡು ಭಾಷೆಯಲ್ಲೂ ಇರುವ ಕ್ರಿಯಾಪದ. ಸ್ಪ್ಯಾನಿಷ್‌ನಲ್ಲಿ ವೈನ್ ಬಗ್ಗಿಸಿ ಕೊಡುವುದು ಅಂತ ಅರ್ಥ. ಸ್ಪೇನ್‌ನ ಉತ್ತರ ಕರಾವಳಿಯ ಅಸ್ತೂರಿಯಸ್‌ನಲ್ಲಿ ಮಾತ್ರ ಈ ಪದ ಕೇಳಿದರೆ ಸಿದ್ರಾನೇ ನೆನಪಾಗುತ್ತದೆ. ಸೇಬಿನ ರಸ ಹುಳಿಯೇರಿಸಿ ಮಾಡುವ ಮದ್ಯ ಅದು.

ಸಿದ್ರಾ ಬಗ್ಗಿಸುವಾಗ ಬಾಟಲಿ ಹಿಡಿದ ಕೈ ತಲೆಗಿಂತ ಮೇಲೆ. ಲೋಟದ ಕೈ ಸೊಂಟಕ್ಕಿಂತ ಕೆಳಗೆ, ಲೋಟ ಓರೆಯಾಗಿ. ತೆಳ್ಳಗಿನ ಧಾರೆ ಲೋಟದ ಅಂಚಿಗೆ ಬಡಿದು ನೊರೆಯೇಳುತ್ತದೆ. ಬೀಳುವುದು ಒಂದೆರಡು ಗುಟುಕು ಅಷ್ಟೇ, ನೊರೆ ಇಳಿಯುವುದರೊಳಗೆ ಕುಡಿಯಬೇಕು. 2024ರಲ್ಲಿ ಅಲ್ಲಿನ ಸಿದ್ರಾ ಸಂಸ್ಕೃತಿ ಯುನೆಸ್ಕೋ ಪಟ್ಟಿ ಸೇರಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪದದ ಬೇರು. ಅದು ಗೋಥಿಕ್ ಅನ್ನುವ, ಜರ್ಮನ್‌ಗೆ ನಂಟಿರುವ, ಈಗ ಅಳಿದುಹೋದ ಭಾಷೆಯದು, ಪಾನೀಯ ಬಗ್ಗಿಸಿ ಕೊಡು ಅನ್ನುವ ಅರ್ಥದ್ದು. ಜರ್ಮನ್‌ನ ಷೆಂಕೆನ್ ಇದರ ನೆಂಟ. ಅದಕ್ಕೆ ಈಗ ಉಡುಗೊರೆ ಕೊಡು ಅಂತ ಅರ್ಥ. ಬಗ್ಗಿಸುತ್ತಾ ಬಗ್ಗಿಸುತ್ತಾ ಕೊಡುವುದೇ ಆಗಿಬಿಟ್ಟಿದೆ! ನಾವೂ ಧಾರೆ ಎರೆದೇ ಕೊಡುತ್ತೇವೆ, ಅಲ್ವಾ?

ಅಂದಹಾಗೆ, ಅಲ್ಲಿ ಲೋಟದ ಕೊನೆಯ ಹನಿ ಕುಡಿಯುವುದಿಲ್ಲ. ತುಟಿ ಇಟ್ಟ ಅಂಚು ತೊಳೆಯುವ ಹಾಗೆ ನೆಲಕ್ಕೆ ಚೆಲ್ಲುತ್ತಾರೆ. ಅದೇ ಲೋಟ ಮುಂದಿನವರ ಕೈಗೆ ಹೋಗುತ್ತದೆ.