ಸ್ಲೋದಾಗ ನಿಲ್ಲದ ಮಾರುತಿ 800: ಸ್ಕ್ರೂ ಮುಟ್ಟುವ ಮೊದಲು

ಹುಬ್ಬಳ್ಳಿಯ ಉಣಕಲ್ ಕ್ರಾಸ್ ಸಿಗ್ನಲ್ಲಿನಲ್ಲಿ ಗಾಡಿ ನಿಂತರೆ ಸ್ಟೇರಿಂಗು, ಗೇರ್ ಕೋಲು, ಕನ್ನಡಿ ಎಲ್ಲ ಗಡಗಡ. ನವಲೂರು ದಾಟಿ 60ರಲ್ಲಿ ಹೊರಟರೆ ಏನೂ ಆಗಿಲ್ಲವೆಂಬಂತೆ ಓಟ. ಕಾರ್ಬೋರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಕಾಲದ ಮಾರುತಿ 800 ಇಟ್ಟುಕೊಂಡವರಿಗೆ ಇದು ಹೊಸದಲ್ಲ. "ಸ್ಲೋದಾಗ ನಿಲ್ಲವಲ್ದು", ಅಂದರೆ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಒಂದೇ ಸಮ ಓಡುತ್ತಿಲ್ಲ, ಅಂದ ಕೂಡಲೇ ಗ್ಯಾರೇಜಿನಲ್ಲಿ ಸ್ಕ್ರೂಡ್ರೈವರ್ ಕಾರ್ಬೋರೇಟರ್ ಕಡೆ ಹೋಗುತ್ತದೆ. ಸ್ಲೋ ಏರಿಸಿದರೆ ನಡುಕ ಅಡಗುತ್ತದೆ, ರೋಗ ಹಾಗೇ ಇರುತ್ತದೆ, ಮೇಲೆ ಪೆಟ್ರೋಲ್ ದಂಡ. ಆ ಸ್ಕ್ರೂ ಸರದಿ ಕಟ್ಟಕಡೆಗೆ.

ಸ್ಲೋದಲ್ಲಿ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಬಹುತೇಕ ಮುಚ್ಚಿರುವುದರಿಂದ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ. ಸೀಳಿದ ಪೈಪಿನಿಂದ ನುಗ್ಗುವ ಕಳ್ಳಗಾಳಿ ಆಗ ದೊಡ್ಡ ಪಾಲು. ಆಕ್ಸಿಲರೇಟರ್ ಒತ್ತಿದ ಮೇಲೆ ಅದು ಲೆಕ್ಕಕ್ಕೇ ಬರುವುದಿಲ್ಲ. ಜೊತೆಗೆ ಇರುವುದು ಮೂರೇ ಸಿಲಿಂಡರ್. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ 240 ಡಿಗ್ರಿ ತಿರುಗಿದಾಗೊಮ್ಮೆ ಒಂದು ಹೊಡೆತ ಬೀಳಬೇಕು. ಒಂದು ಸಿಲಿಂಡರ್ ಸತ್ತರೆ 480 ಡಿಗ್ರಿ ಖಾಲಿ. ಕುಣಿಯದೆ ಏನು ಮಾಡೀತು?

ಮೊದಲು ಸೈಲೆನ್ಸರ್ ಬಾಯಿಗೆ ಸ್ವಲ್ಪ ದೂರದಲ್ಲಿ ಒಂದು ಕಾಗದ ಹಿಡಿಯಿರಿ. ಪಟಪಟ ಒಂದೇ ಸಮ ಹಾರುತ್ತಿದ್ದು ಬಾಡಿ ಮಾತ್ರ ನಡುಗಿದರೆ ಎಂಜಿನ್ ಫೌಂಡೇಶನ್ ರಬ್ಬರ್ ಕುಸಿದಿದೆ, ಉಳಿದದ್ದನ್ನು ಮುಟ್ಟಬೇಡಿ. ತಾಳಬದ್ಧವಾಗಿ ಒಂದು ಹೊಡೆತ ತಪ್ಪುತ್ತಿದ್ದರೆ ಒಂದೇ ಸಿಲಿಂಡರಿನ ಮಿಸ್ಸಿಂಗ್, ಅಂದರೆ ಅದೊಂದು ಉರಿಯುತ್ತಿಲ್ಲ. ಯಾವಾಗೆಂದರೆ ಆವಾಗ ತಪ್ಪಿದರೆ ಗಾಳಿ, ಪೆಟ್ರೋಲ್ ಅಥವಾ ಡೆಲ್ಕೋ (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್), ಅಂದರೆ ಮೂರೂ ಸಿಲಿಂಡರಿಗೆ ಸೇರಿದ ದೋಷ.

ಒಂದೇ ಸಿಲಿಂಡರ್ ಅನ್ನುವ ಅನುಮಾನವಿದ್ದರೆ ಎಂಜಿನ್ ಆಫ್ ಮಾಡಿ, ಒಂದು ಪ್ಲಗ್ ವೈರ್ ಬಿಚ್ಚಿ, ಅದಕ್ಕೆ ಬೇರೆ ಪ್ಲಗ್ ಸಿಕ್ಕಿಸಿ ಬ್ಲಾಕಿಗೆ ತಾಗಿಸಿಟ್ಟು ಸ್ಟಾರ್ಟ್ ಮಾಡಿ. ಸುತ್ತ ಪೆಟ್ರೋಲ್ ಹಸಿ ಇರಬಾರದು. ವೈರನ್ನು ಗಾಳಿಯಲ್ಲಿ ಹಾಗೇ ಬಿಟ್ಟರೆ ಕಿಡಿ ಹುಟ್ಟಿಸುವ ಕಾಯಿಲ್, ಇಗ್ನಿಷನ್ ಮಾಡ್ಯೂಲ್ ಸುಡಬಹುದು. ಯಾವುದನ್ನು ಬಿಚ್ಚಿದಾಗ ಎಂಜಿನ್ ಇನ್ನಷ್ಟು ಕುಗ್ಗುವುದಿಲ್ಲವೋ ಅದೇ ಸತ್ತ ಸಿಲಿಂಡರ್. ಅದರ ಪ್ಲಗ್ಗನ್ನು ಪಕ್ಕದ್ದಕ್ಕೆ ಹಾಕಿ ನೋಡಿ, ಆಮೇಲೆ ವೈರ್ ಬದಲಿಸಿ. ದೋಷ ಜೊತೆಗೇ ಹೋದರೆ ಕೆಲಸ ಅಗ್ಗದಲ್ಲಿ ಮುಗಿಯಿತು. ಧಾರವಾಡದ ಜಿಟಿಜಿಟಿ ಮಳೆಯಲ್ಲಷ್ಟೇ ಮಿಸ್ ಹೊಡೆಯುವ ಗಾಡಿಯಾದರೆ ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ: ವೈರಿನ ಮೇಲೆ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಡೆಲ್ಕೋ ಮುಚ್ಚಳದ ಒಳಗೂ ಕಪ್ಪು ಗೆರೆ ಇದೆಯೇ ನೋಡಿ.

ದೋಷ ಜಾಗ ಬಿಡದಿದ್ದರೆ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್. ಮೂರೂ ಪ್ಲಗ್ ಬಿಚ್ಚಿ, ಕಾಯಿಲ್ ಸಂಪರ್ಕ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಐದಾರು ಸುತ್ತು ಹೊಡೆಸಿ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ. 15ಕ್ಕೂ ಹೆಚ್ಚು ಕಡಿಮೆ ತೋರಿಸಿದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಒಟ್ಟಿಗೇ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್. ಗ್ಯಾಸ್ ಕಿಟ್ ಕೂರಿಸಿದ ಗಾಡಿಯಲ್ಲಿ ಹೆಡ್ ಬಿಚ್ಚುವ ಮೊದಲು ಟ್ಯಾಪೆಟ್ (ವಾಲ್ವ್ ಒತ್ತುವ ಭಾಗದ ಸಂದು) ನೋಡಲೇಬೇಕು. ಎಕ್ಸಾಸ್ಟ್ ವಾಲ್ವಿನ ಸೀಟು ಸವೆದು ಒಳಕ್ಕೆ ಕೂತಾಗ ಟ್ಯಾಪೆಟ್ ಸಂದು ಮುಚ್ಚಿಹೋಗುತ್ತದೆ, ಬಿಸಿಯಾದ ಮೇಲೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಟ್ಯಾಪೆಟ್ ಸದ್ದೇ ಇಲ್ಲ, ಎಂಜಿನ್ ಭಾಳ ಸ್ಮೂತ್ ಐತಿ ಅಂತ ಖುಷಿಪಡುವುದು ಈ ಹಂತದಲ್ಲೇ.

ಕಳ್ಳಗಾಳಿ ಹುಡುಕಲು ವ್ಯಾಕ್ಯೂಮ್ ಪೈಪುಗಳನ್ನು ಒಂದೊಂದಾಗಿ ಪಕ್ಕಡಿನಲ್ಲಿ ಮೆಲ್ಲಗೆ ಹಿಸುಕಿ. ಸ್ಲೋ ಬದಲಾದರೆ ಆ ದಾರಿ ಸೋರುತ್ತಿರಬಹುದು. ನಮ್ಮ ಕಡೆಯ ಬಿಸಿಲಿಗೆ ರಬ್ಬರ್ ಕಟ್ಟಿಗೆಯಂತಾಗಿ ತುದಿಯಲ್ಲೇ ಸೀಳುತ್ತದೆ. ಕಾರ್ಬೋರೇಟರ್ ಬುಡದ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಜೋಡಣೆಗೆ ಸ್ವಲ್ಪವೇ ನೀರು ಚಿಮುಕಿಸಿದರೂ ವ್ಯತ್ಯಾಸ ಕೇಳುತ್ತದೆ. ಬಿಸಿ ಎಂಜಿನ್ನಿಗೆ ಕ್ಲೀನರ್ ಸ್ಪ್ರೇ ಹೊಡೆದು ಬೆಂಕಿ ತರಿಸಿಕೊಳ್ಳಬೇಡಿ. ವ್ಯಾಕ್ಯೂಮ್ ಗೇಜ್ ಇದ್ದವರಿಗೆ ಒಂದು ಮಾತು: ಪುಸ್ತಕದಲ್ಲಿ ಕೊಡುವ 17ರಿಂದ 21 ಇಂಚು (ಪಾದರಸದ ಲೆಕ್ಕ) ಸಮುದ್ರಮಟ್ಟದ್ದು. ಪ್ರತಿ 1,000 ಅಡಿಗೆ ಸುಮಾರು ಒಂದು ಇಂಚು ಇಳಿಯುತ್ತದೆ. 2,000 ಅಡಿಗೂ ಮೇಲಿರುವ ಹುಬ್ಬಳ್ಳಿಯಲ್ಲಿ 16 ಬಂದರೆ ಗಾಬರಿ ಬೇಡ.

ಹೊಗೆ ತಪಾಸಣೆಯ ಚೀಟಿಯನ್ನೂ ಬಿಸಾಕಬೇಡಿ. ಆ ಪರೀಕ್ಷೆ ನಡೆಯುವುದೇ ಸ್ಲೋದಲ್ಲಿ. ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದರೆ ಪೆಟ್ರೋಲ್ ಜಾಸ್ತಿ. ಅದು ಸರಿಯಿದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಉರಿಯದ ಪೆಟ್ರೋಲ್ ಹೊರಬರುತ್ತಿದೆ, ಅಂದರೆ ಮಿಸ್ಸಿಂಗ್.

ಇಷ್ಟೂ ಸರಿಯಿದ್ದರೆ ಈಗ ಕಾರ್ಬೋರೇಟರ್. ಸ್ಲೋ ಜೆಟ್ಟಿಗೆ (ಸ್ಲೋದಲ್ಲಿ ಪೆಟ್ರೋಲ್ ಬರುವ ಸಣ್ಣ ತೂತಿಗೆ) ಎರೆಮಣ್ಣಿನ ಧೂಳು ಕೂತಿದ್ದರೆ ಕಂಪ್ರೆಸರ್ ಗಾಳಿ ಹಿಡಿಯಿರಿ, ತಂತಿ ಚುಚ್ಚಿದರೆ ತೂತು ದೊಡ್ಡದಾಗುತ್ತದೆ. ಸ್ಲೋ ಸೊಲೆನಾಯ್ಡ್ (ಆ ಪೆಟ್ರೋಲ್ ದಾರಿಯನ್ನು ಕರೆಂಟಿನಿಂದ ತೆರೆಯುವ ವಾಲ್ವ್) ಇದ್ದರೆ ಕೀ ಆನ್ ಮಾಡಿ ಅದರ ವೈರ್ ತೆಗೆದು ಹಾಕಿ, ಟಕ್ ಅನ್ನಬೇಕು. ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನು ಎಷ್ಟು ಸುತ್ತು ಎಂದು ಎಣಿಸುತ್ತ ಹಗುರಾಗಿ ಒಳಗೆ ಕೂರಿಸಿ, ಬರೆದಿಟ್ಟುಕೊಂಡು, ಅಷ್ಟೇ ಹೊರಗೆ ತನ್ನಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಕಾಲುಕಾಲು ಸುತ್ತು ತಿರುಗಿಸಿ ಅತಿ ಹೆಚ್ಚು ಆರ್‌ಪಿಎಂ ಸಿಗುವ ಜಾಗ ಹಿಡಿಯಿರಿ, ಆಮೇಲೆ ಸ್ಲೋ ಸ್ಕ್ರೂನಿಂದ ಸುಮಾರು 900ಕ್ಕೆ ಇಳಿಸಿ. ಹೆಡ್‌ಲೈಟ್ ಹಾಕಿ ಮತ್ತೊಮ್ಮೆ ನೋಡಿ.