ಅಪ್ಪನ ಕಂಪ್ಯೂಟರ್ ಆನ್ ಆಗ್ಲಿಲ್ಲ

13 ಜುಲೈ 2024, ಶನಿವಾರ, ಸಾಗರ

ಬೆಳಿಗ್ಗೆಯಿಂದ ಮಳೆ ಒಂದೇ ಸಮ ಹೊಯ್ತಾ ಇದೆ, ಹೊರಗೆ ಕಾಲಿಡೋ ಹಾಗಿಲ್ಲ, ಇವತ್ತಿನ ದಿನ ಪೂರ್ತಿ ಅಪ್ಪನ ಕಂಪ್ಯೂಟರ್‌ಗೇ ಹೋಯ್ತು. ಬಟನ್ ಒತ್ತಿದ್ರೆ ಫ್ಯಾನ್ ಸ್ವಲ್ಪ ತಿರುಗತ್ತೆ, ನಿಲ್ಲತ್ತೆ, ತಾನೇ ಮತ್ತೆ ತಿರುಗತ್ತೆ, ಮತ್ತೆ ನಿಲ್ಲತ್ತೆ, ಮಾನಿಟರ್‌ನಲ್ಲಿ ನೋ ಸಿಗ್ನಲ್ ಅಂತ ಬಿಟ್ರೆ ಏನೂ ಇಲ್ಲ. ಹಳೇ ಐ3 ಮಶೀನು, ಎಚ್61 ಮದರ್‌ಬೋರ್ಡು (ಎಲ್ಲ ಭಾಗಗಳು ಕೂರೋ ಮುಖ್ಯ ಹಲಗೆ), ಮೆಮೊರಿ ಪಟ್ಟಿಗಳಾದ ಎರಡು ಡಿಡಿಆರ್3 ರ‍್ಯಾಮು, ವಿಂಡೋಸ್ 7. ಪೇಟೆಲಿ ಒಂದು ಅಂಗಡಿಗೆ ಅಪ್ಪ ಫೋನ್ ಮಾಡಿದ್ರು, ಅವರು ಫೋನಲ್ಲೇ "ಮದರ್‌ಬೋರ್ಡ್ ಹೋಗಿದೆ ಸರ್, ಅಷ್ಟು ಹಳೇದಕ್ಕೆ ಪಾರ್ಟ್ ಸಿಗಲ್ಲ, ಹೊಸದು ತಗೊಂಡ್ಬಿಡಿ" ಅಂದ್ರಂತೆ. ಕೈಯಲ್ಲಿ ಮುಟ್ಟಿ ನೋಡ್ದೇನೇ ಹಿಂಗೆ ಹೇಳಿದ್ರೆ ನಂಗೆ ನಿಜಕ್ಕೂ ಸಿಟ್ಟು ಬರತ್ತೆ. ಅಪ್ಪ ತಾಳಮದ್ದಳೆಗೆ ಅಂತ ಕರ್ಣನ ಪಾತ್ರಕ್ಕೆ, ವಾಲಿ ಪಾತ್ರಕ್ಕೆ ಬರ್ಕೊಂಡಿರೋ ಅರ್ಥದ ನೋಟ್ಸ್ ಅಷ್ಟೂ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಇದರಲ್ಲೇ ಇಟ್ಟಿದಾರೆ, ಬೇರೆಲ್ಲೂ ಕಾಪಿ ಇಲ್ಲ.

ಮೊದಲು ಕರೆಂಟ್ ಕಡೆ ನೋಡ್ದೆ. ಅದೇ ಸಾಕೆಟ್‌ಗೆ ಟೇಬಲ್ ಲ್ಯಾಂಪ್ ಹಾಕಿದ್ರೆ ಉರೀತು, ಯುಪಿಎಸ್ ತೆಗೆದು ನೇರ ಗೋಡೆಗೆ ಹಾಕಿದ್ರೂ ಕಂಪ್ಯೂಟರ್ ಹಂಗೇ. ಆಮೇಲೆ ಎಸ್‌ಎಂಪಿಎಸ್, ಅಂದ್ರೆ ಗೋಡೆ ಕರೆಂಟನ್ನ ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡೋ ಡಬ್ಬ. ಬೋರ್ಡಿಗೆ ಹೋಗೋ 24 ಪಿನ್ ಕನೆಕ್ಟರ್ ಬಿಚ್ಚಿ, ಒಂದು ಹಳೇ ಡಿವಿಡಿ ಡ್ರೈವ್ ಮಾತ್ರ ಲೋಡ್‌ಗೆ ಇಟ್ಟು, ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ಒಂದು ತಂತಿ ಸೇರಿಸಿದ್ರೆ ಎಸ್‌ಎಂಪಿಎಸ್ ಫ್ಯಾನ್ ತಿರುಗ್ಬೇಕು, ತಿರುಗ್ತು. ಮಲ್ಟಿಮೀಟರಲ್ಲಿ ಹಳದಿ ವೈರಿಗೆ 12, ಕೆಂಪಿಗೆ 5, ಕಿತ್ತಳೆಗೆ 3.3 ವೋಲ್ಟ್ ಹತ್ತಿರ ಬಂತು, ಅಲ್ಲಿಗೆ ಅದು ಸರಿ ಇದೆ ಅಂತ ಬಿಟ್ಟೆ. ಒಂದು ಮಾತು, ಯಾರೂ ದಯವಿಟ್ಟು ಎಸ್‌ಎಂಪಿಎಸ್ ಡಬ್ಬ ಬಿಚ್ಚಕ್ಕೆ ಹೋಗ್ಬೇಡಿ, 230 ವೋಲ್ಟ್ ಎಸಿ ಒಳಗೆ ಡಿಸಿ ಆದಾಗ 300ರ ಮೇಲೆ ಹೋಗತ್ತೆ, ಪ್ಲಗ್ ಕಿತ್ತ ಮೇಲೂ ಆ ದೊಡ್ಡ ಕೆಪಾಸಿಟರ್‌ನಲ್ಲಿ ಅದು ಉಳ್ಕೊಂಡಿರತ್ತೆ.

ಮದರ್‌ಬೋರ್ಡ್ ಹೋಗಿದ್ಯೋ ಇಲ್ವೋ ಅಂತ ತಿಳ್ಕೊಳಕ್ಕೆ ಒಂದು ದಾರಿ ಇದೆ, ಇದನ್ನ ಅಂಗಡಿಯವರು ಮಾಡಿ ನೋಡಿ ಆಮೇಲೆ ಹೇಳಿದ್ರೆ ನಾನು ಒಪ್ತಿದ್ದೆ. ಹಳೇ ಕ್ಯಾಬಿನೆಟ್‌ನಿಂದ ತೆಗೆದಿಟ್ಟಿದ್ದ ಚಿಕ್ಕ ಸ್ಪೀಕರ್ ಇತ್ತು, ಅದನ್ನ ಬೋರ್ಡಿನ ಸ್ಪೀಕರ್ ಪಿನ್‌ಗೆ ಸಿಕ್ಸಿ, ರ‍್ಯಾಮ್ ಎರಡನ್ನೂ ಕಿತ್ತು ಆನ್ ಮಾಡ್ದೆ. ಉದ್ದುದ್ದ ಬೀಪ್ ಶುರುವಾಯ್ತು! ರ‍್ಯಾಮ್ ಇಲ್ಲ ಅಂತ ಬೋರ್ಡ್ ಹೇಳ್ತಿದೆ ಅಂದ್ರೆ ಪ್ರೊಸೆಸರ್ ಜೀವಂತ ಇದೆ, ಬಯೋಸ್ (ಆನ್ ಮಾಡಿದ ತಕ್ಷಣ ಮೊದಲು ಓಡೋ ಬೋರ್ಡಿನ ಪ್ರೋಗ್ರಾಂ) ಓಡ್ತಾ ಇದೆ, ಸತ್ತ ಬೋರ್ಡ್ ಬೀಪ್ ಹಾಕಲ್ಲ. ಅಪ್ಪ ಅಡುಗೆಮನೆಯಿಂದ ಓಡಿ ಬಂದ್ರು ಶಬ್ದ ಕೇಳಿ.

ಹಾಗಾದ್ರೆ ತೊಂದರೆ ರ‍್ಯಾಮಲ್ಲಿ. ಕಿಟಕಿ ಹತ್ರ ಹಿಡಿದು ನೋಡ್ದೆ, ಚಿನ್ನದ ಬಣ್ಣದ ಕಾಂಟ್ಯಾಕ್ಟ್ ಸಾಲಿನಲ್ಲಿ ಒಂದು ತುದಿಗೆ ನಾಲ್ಕೈದು ಹಲ್ಲು ಮಂಕಾಗಿ, ಕಂದು ಕಲೆ ಕೂತಿತ್ತು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗೋಡೆ, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು ಬರತ್ತೆ, ಇದೊಂದನ್ನ ಬಿಡತ್ತಾ. ಬಿಳಿ ರಬ್ಬರ್ ತಗೊಂಡು ಮೆಲ್ಲಗೆ ಉಜ್ಜಿ, ಪುಡಿಯನ್ನ ಬ್ರಶ್‌ನಲ್ಲಿ ತೆಗೆದು, ಸ್ಲಾಟ್ ಒಳಗೂ ಒಣ ಬ್ರಶ್ ಆಡಿಸಿ, ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸ್ಕೊಂಡು ಒಂದೇ ರ‍್ಯಾಮ್ ಹಾಕ್ದೆ, ಎರಡೂ ಕಡೆ ಕ್ಲಿಪ್ ಟಕ್ ಅಂತು. ಡಿಸ್ಪ್ಲೇ ಬಂತು.

ಅಲ್ಲಿಗೇ ಮುಗೀಲಿಲ್ಲ, ನಿಜ ಹೇಳ್ಬೇಕಂದ್ರೆ ಜನ ಮೋಸ ಹೋಗೋದು ಇಲ್ಲಿಂದ ಮುಂದೆ. ಸಿಮಾಸ್ ಚೆಕ್‌ಸಮ್ ಎರರ್ (ಬೋರ್ಡ್ ನೆನಪಿಟ್ಟಿದ್ದ ಸೆಟ್ಟಿಂಗ್ ಕೆಟ್ಟಿದೆ ಅಂತ), ಡಿಫಾಲ್ಟ್ ಲೋಡ್ ಆಗಿದೆ ಅಂತ ಬಂತು, ತಾರೀಕು ನೋಡಿದ್ರೆ ಎಷ್ಟೋ ವರ್ಷ ಹಿಂದಿನ ಜನವರಿ 1. ಎಫ್1 ಒತ್ತಿದೆ, ವಿಂಡೋಸ್ ಲೋಗೋ ಬಂತು, ಒಂದು ಸಲ ನೀಲಿ ಸ್ಕ್ರೀನ್ ಮಿಂಚಿ ರೀಸ್ಟಾರ್ಟ್, ಮತ್ತೆ ಅದೇ. ಈ ಹಂತದಲ್ಲಿ ಯಾರಿಗಾದ್ರೂ ಕೊಟ್ರೆ "ವಿಂಡೋಸ್ ಕರಪ್ಟ್, ಫಾರ್ಮ್ಯಾಟ್ ಮಾಡ್ಬೇಕು" ಅಂತಾರೆ. ನಾನು ಎಫ್8 ಒತ್ತಿ ಆಟೋಮ್ಯಾಟಿಕ್ ರೀಸ್ಟಾರ್ಟ್ ಆಫ್ ಮಾಡಿ ನೀಲಿ ಸ್ಕ್ರೀನ್ ನಿಲ್ಲಿಸಿ ಓದಿದೆ, ಕೋಡ್ ಕೊನೆಗೆ 7ಬಿ ಅಂತ ಇತ್ತು, ಅಂದ್ರೆ ಬೂಟ್ ಆಗೋ ಡಿಸ್ಕ್ ವಿಂಡೋಸ್ ಕೈಗೆ ಸಿಗ್ತಿಲ್ಲ. ಆಗ ಹೊಳೀತು. ಬೋರ್ಡಿನ ಮೇಲೆ ತಾರೀಕು, ಸೆಟ್ಟಿಂಗ್ ಉಳಿಸೋ ಚಿಕ್ಕ ಗುಂಡು ಸೆಲ್ ಸತ್ತು ಬಯೋಸ್ ತನ್ನ ಮೂಲ ಸೆಟ್ಟಿಂಗ್‌ಗೆ ಹೋಗಿದೆ, ಸಾಟಾ ಮೋಡ್ (ಬೋರ್ಡು ಹಾರ್ಡ್‌ಡಿಸ್ಕ್ ಜೊತೆ ಮಾತಾಡೋ ರೀತಿ) ಎಎಚ್‌ಸಿಐ ಇದ್ದದ್ದು ಐಡಿಇ ಆಗಿದೆ, ಎಎಚ್‌ಸಿಐನಲ್ಲಿ ಇನ್‌ಸ್ಟಾಲ್ ಆದ ವಿಂಡೋಸ್ 7ಗೆ ಐಡಿಇ ಡ್ರೈವರ್ ಶುರುವಿನಲ್ಲೇ ಲೋಡ್ ಆಗಲ್ಲ. ಬಯೋಸ್‌ಗೆ ಹೋಗಿ ಎಎಚ್‌ಸಿಐ ಮಾಡಿ, ಸೇವ್ ಕೊಟ್ಟು ಹೊರಗೆ ಬಂದೆ, ವಿಂಡೋಸ್ ಏನೂ ಆಗದ ಹಾಗೆ ಬಂತು, ಅಪ್ಪನ ಫೋಲ್ಡರ್‌ಗಳು ಡೆಸ್ಕ್‌ಟಾಪ್ ಮೇಲೇ ಇದ್ವು. ಒಂದೇ ಒಂದು ಸೆಟ್ಟಿಂಗು. ಅದಕ್ಕೋಸ್ಕರ ಎಷ್ಟು ಮನೆಗಳ ಮದುವೆ ಫೋಟೋ, ಲೆಕ್ಕ, ಬರಹ ಎಲ್ಲ ಫಾರ್ಮ್ಯಾಟ್ ಆಗಿ ಹೋಗಿರತ್ತೋ ಅಂತ ಯೋಚ್ನೆ ಮಾಡಿದ್ರೆ ಹೊಟ್ಟೆ ಉರಿಯತ್ತೆ.

ಸೆಲ್ ಸಿಆರ್2032, 3 ವೋಲ್ಟ್ ಇರ್ಬೇಕು, ಮೀಟರಲ್ಲಿ 2.3 ತೋರಿಸ್ತು. ಸಿಡಿಲಿನ ಭಯಕ್ಕೆ ಅಪ್ಪ ದಿನಾ ಗೋಡೆ ಪ್ಲಗ್ಗೇ ಕಿತ್ತು ಮಲಗ್ತಾರೆ, ಅದು ಸರಿಯಾದ ಅಭ್ಯಾಸವೇ, ಆದ್ರೆ ಪ್ಲಗ್ ಇಲ್ದಿದ್ದಾಗ ಗಡಿಯಾರಕ್ಕೆ ಈ ಸೆಲ್ ಒಂದೇ ಗತಿ, ಹಂಗಾಗಿ ಬೇಗ ಖಾಲಿ ಆಗತ್ತೆ. ತೂಕದ ಯಂತ್ರಕ್ಕೆ ಅಂತ ತಂದಿಟ್ಟಿದ್ದ ಹೊಸ ಸೆಲ್ ಮನೆಯಲ್ಲೇ ಸಿಕ್ತು, ಹಾಕಿ ತಾರೀಕು ಸರಿ ಮಾಡಿ ಸಾಟಾ ಸೆಟ್ಟಿಂಗ್ ಇನ್ನೊಂದು ಸಲ ಎಎಚ್‌ಸಿಐಗೆ ತಂದು, ಆ ಸ್ಕ್ರೀನ್‌ದೊಂದು ಫೋಟೋ ಮೊಬೈಲಲ್ಲಿ ತೆಗೆದಿಟ್ಕೊಂಡೆ. ಎರಡನೇ ರ‍್ಯಾಮೂ ಉಜ್ಜಿ ಹಾಕಿದ ಮೇಲೆ ಸರಿ ಹೋಯ್ತು.

ಈಗ ರಾತ್ರಿ, ನುಡಿ ಫೈಲ್‌ಗಳೆಲ್ಲ ಪೆನ್‌ಡ್ರೈವ್‌ಗೆ ಕಾಪಿ ಆಗ್ತಾ ಇವೆ, ಜೊತೆಗೆ ನುಡಿ ಫಾಂಟ್ ಫೈಲ್‌ಗಳನ್ನೂ ಹಾಕ್ದೆ, ಯಾಕಂದ್ರೆ ಆ ಫೈಲ್‌ಗಳು ಯೂನಿಕೋಡಲ್ಲಿ (ಎಲ್ಲ ಕಂಪ್ಯೂಟರಲ್ಲೂ ಒಂದೇ ಥರ ನಡೆಯೋ ಅಕ್ಷರ ವ್ಯವಸ್ಥೆ) ಇಲ್ಲ, ಫಾಂಟ್ ಇಲ್ದಿರೋ ಕಂಪ್ಯೂಟರಲ್ಲಿ ತೆಗೆದ್ರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣತ್ತೆ. ವಿಂಡೋಸ್ 7ಗೆ 2020ರ ಜನವರಿಗೇ ಸಪೋರ್ಟ್ ನಿಂತಿದೆ, ಅದಕ್ಕೆ ಈ ಮಶೀನ್‌ಗೆ ನೆಟ್ ಕೊಡಲ್ಲ, ಟೈಪಿಂಗ್‌ಗೆ ಮಾತ್ರ ಇರ್ಲಿ. ನಾಳೆಯಿಂದ ನನ್ನ ಲ್ಯಾಪ್‌ಟಾಪಲ್ಲಿ ಒಂದೊಂದೇ ಫೈಲ್ ಯೂನಿಕೋಡ್‌ಗೆ ಬದಲಾಯಿಸ್ಬೇಕು, ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಎಡವಟ್ಟಾಗತ್ತೆ, ಅದನ್ನ ಅಪ್ಪನೇ ಕೂತು ತಿದ್ತೀನಿ ಅಂದಿದಾರೆ, ಕರ್ಣನ ಫೈಲಿಂದ ಶುರು ಮಾಡೋಣ ಅಂತ.